ಮರಿಬಸಪ್ಪನ ಒದ್ದೆ ಪ್ಲಗ್ಗು

ಏಳು ತಿಂಗಳಲ್ಲಿ ಹನ್ನೊಂದು ಪ್ಲಗ್ಗು ತಿಂದ ಮೋಟಾರ್ ಸೈಕಲ್ಲು ಆದೋನಿ ಸೀಮೆಯಲ್ಲಿ ಇನ್ನೊಂದಿದ್ದರೆ ಅದರ ಮಾಲೀಕರು ದಯವಿಟ್ಟು ನನಗೆ ಒಂದು ಕಾರ್ಡು ಬರೆಯಬೇಕು. ಆ ಹನ್ನೊಂದನ್ನೂ ನಮ್ಮ ಎದುರು ಮನೆಯ ಮರಿಬಸಪ್ಪ ಒಂದು ಅವಲಕ್ಕಿ ಡಬ್ಬಿಯಲ್ಲಿ ತಾರೀಖು ಬರೆದ ಚೀಟಿಗಳ ಸಮೇತ ಇಟ್ಟಿದ್ದಾನೆ. ಎಲ್ಲವೂ ಕಪ್ಪು, ಎಲ್ಲವೂ ಒದ್ದೆ. ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತುತ್ತದೆ.

ನಾನು ಯರ್ರೆಪ್ಪ. ಕೋಸಗಿಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದ ಮಾಸ್ತರ. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ಯಾವುದನ್ನೂ ಮುಚ್ಚಿಡುವುದಿಲ್ಲ. ಒಂದೆರಡು ಸಂಗತಿಗಳನ್ನು ಸ್ವಲ್ಪ ತಡವಾಗಿ ಹೇಳಬಹುದು, ಅಷ್ಟೇ.

ಗಾಡಿ ೧೯೭೯ರ ಎಜ್ಡಿ. ಮರಿಬಸಪ್ಪನ ತಂದೆ ಭೀಮಲಿಂಗಪ್ಪನವರದು. ಹತ್ತಿ ವ್ಯಾಪಾರಕ್ಕೆಂದು ಅವರು ಆ ಗಾಡಿಯ ಮೇಲೆ ಆಸ್ಪರಿ ಸುತ್ತಿದ್ದರು, ಕೋಸಗಿ ಸುತ್ತಿದ್ದರು, ಮಾಧವರಂ ದಾಟಿ ಹೊಳೆಯಾಚೆಗೂ ಹೋಗಿಬರುತ್ತಿದ್ದರು. ನಲವತ್ತೈದು ವರ್ಷ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಹೆಂಡತಿ ಬಸಲಿಂಗಮ್ಮನವರನ್ನು ಒಂದು ದಿನವೂ ಹಿಂದೆ ಕೂರಿಸಿಕೊಳ್ಳಲಿಲ್ಲ. ಕೇಳಿದರೆ, “ಸೀರಿ ಚೈನಿಗೆ ಸಿಗ್ತೈತಿ” ಎನ್ನುತ್ತಿದ್ದರು. ಬೀಗರ ಮನೆ ಮದುವೆಗೆ ಅವರು ಎಜ್ಡಿಯಲ್ಲಿ ಹೊರಟರೆ ಈಕೆ ಅದೇ ಊರಿಗೆ ಬಸ್ಸಿನಲ್ಲಿ ಹೊರಡುತ್ತಿದ್ದರು.

ಮಗನ ವಿಷಯದಲ್ಲಂತೂ ಭೀಮಲಿಂಗಪ್ಪನವರು ಓಣಿಗೆಲ್ಲ ಕೇಳುವ ಹಾಗೆ ಭವಿಷ್ಯ ನುಡಿದಿದ್ದರು: “ಮರಿಬಸನ ಕೈಗೆ ಸಿಕ್ಕರ ಆರು ತಿಂಗಳದಾಗ ಈ ಗಾಡಿ ಗುಜರಿಗೆ ಹೋಗ್ತೈತಿ, ಬರಕೋರಿ.”

ಎಂಬತ್ತೊಂದನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಏಳನೇ ತಿಂಗಳಿಗೆ ಗಾಡಿಯ ನೋಂದಣಿಯ ಅವಧಿ ಮುಗಿಯಿತು.

ಹಳೆಯ ಗಾಡಿಯ ನೋಂದಣಿ ಮುಂದುವರಿಸಬೇಕಾದರೆ ಅದನ್ನು ಆರ್‌ಟಿಓ ಕಚೇರಿಯ ಮೈದಾನದಲ್ಲಿ ಇನ್ಸ್‌ಪೆಕ್ಟರ್ ಎದುರು ಚಾಲು ಮಾಡಿ, ಓಡಿಸಿ ತೋರಿಸಬೇಕು. ಮರಿಬಸಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ತೋರಿಸಿದ. ಇಪ್ಪತ್ತಮೂರು ಕಿಕ್ಕಿನ ತನಕ ಗಾಡಿ ಮಾತಾಡಲಿಲ್ಲ. ಇಪ್ಪತ್ತನಾಲ್ಕನೆಯದಕ್ಕೆ ಒಮ್ಮೆ ಕೆಮ್ಮಿ, ಮೈದಾನ ತುಂಬ ಹೊಗೆ ಬಿಟ್ಟು, ಮತ್ತೆ ಮಲಗಿತು. ಹೊಗೆಯೊಳಗಿಂದ ಇನ್ಸ್‌ಪೆಕ್ಟರ್ ಚಂದ್ರಮೋಹನ್ ಅವರ ಅರ್ಧ ತೆಲುಗು, ಅರ್ಧ ಕನ್ನಡದ ದನಿ ಮಾತ್ರ ಕೇಳಿಸಿತು.

“ಏಮಂಡಿ ಇದಿ? ಮೋಟಾರ್ ಸೈಕಲ್ಲಾ, ಮುನ್ಸಿಪಾಲ್ಟಿ ಸೊಳ್ಳಿ ಹೊಗಿ ಮಷಿನ್ನಾ?” ಆಮೇಲೆ ಅವರು ಮೂಗು ಅರಳಿಸಿದರು. “ಇಕ್ಕಡ ಯಾರು ಮಿರ್ಚಿ ಕರೀತಿದಾರು?”

ಯಾರೂ ಕರಿಯುತ್ತಿರಲಿಲ್ಲ. ಆದರೆ ವಾಸನೆ ನಿಜವಾಗಿಯೂ ಇತ್ತು. ಬೆಳಗಿನ ಮಂಡಕ್ಕಿ ಉಗ್ಗಾನಿ, ಮಿರ್ಚಿ ಬಜ್ಜಿಯ ಬಂಡಿಯ ಮುಂದೆ ನಿಂತಂತಾಗಿ ಅಲ್ಲಿದ್ದ ಇಬ್ಬರು ಗುಮಾಸ್ತರು ಟಿಫಿನ್ನಿಗೆ ಎದ್ದೇ ಹೋದರು.

“ಬರೋ ಗುರುವಾರ, ಹನ್ನೊಂದು ಗಂಟಿ,” ಎಂದರು ಚಂದ್ರಮೋಹನ್. “ಆಖರಿ ಛಾನ್ಸ್. ಸ್ಟಾರ್ಟ್ ಆಗಬೇಕು, ಹೊಗಿ ಪೊಗ ಏನೂ ಬರಕೂಡದು. ಲೇಕುಂಟೆ ರಿಜಿಸ್ಟ್ರೇಷನ್ ಕ್ಯಾನ್ಸಲ್. ಆಮೇಲೆ ಅದನ್ನ ಗುಜರಿಗೆ ಹಾಕ್ತೀರೋ, ಮನ್ಯಾಗ ಇಟ್ಟು ಪೂಜಿ ಮಾಡ್ತೀರೋ, ಮೀ ಇಷ್ಟಂ.”

ಗುಜರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮರಿಬಸಪ್ಪನ ಮುಖ ಸುಣ್ಣ ಬಳಿದಂತಾಯಿತು. ಅಪ್ಪ ಫೋಟೋದೊಳಗಿಂದಲೇ ಗೆಲ್ಲುವ ಹಾಗಿತ್ತು.

ಇಲ್ಲಿ ಮರಿಬಸಪ್ಪನ ವಿದ್ಯೆಯ ಬಗ್ಗೆ ಹೇಳಬೇಕು. ಹತ್ತಿ ಮಾರ್ಕೆಟ್ ಯಾರ್ಡಿನಲ್ಲಿ ಅವನು ಚೀಲಕ್ಕೆ ಕೈ ಹಾಕಿ, ಒಂದು ಚಿಟಿಕೆ ತೆಗೆದು, ಎರಡು ಹೆಬ್ಬೆರಳ ನಡುವೆ ಎಳೆದು ಹೇಳಿಬಿಡುತ್ತಾನೆ: ಇದು ಆಸ್ಪರಿ ಕಡೆಯದು, ಎಳೆ ಇಷ್ಟುದ್ದ, ತೇವ ಇಷ್ಟು, ಮೇಲೆ ನೀರು ಚಿಮುಕಿಸಿದ್ದಾರೆ. ಅಂಗಿ ಜೇಬಿನಲ್ಲಿ ಸದಾ ಒಂದು ಹಿಡಿ ಅರಳೆ ಇರುತ್ತದೆ. ಈ ವಿದ್ಯೆ ನಿಜವಾದದ್ದೇ, ದೊಡ್ಡ ಸಾಹುಕಾರರೂ ಅವನ ಬೆರಳಿಗೆ ಮರ್ಯಾದೆ ಕೊಡುತ್ತಾರೆ. ತೊಂದರೆ ಏನೆಂದರೆ, ಹತ್ತಿಯ ಎಳೆ ಗೊತ್ತಾದವನಿಗೆ ಲೋಕದ ಎಳೆಯೆಲ್ಲ ಗೊತ್ತು ಎಂದು ಅವನು ತಿಳಿದದ್ದು.

ಮೊಬೈಲಿನಲ್ಲಿ ಯಾರೋ ಪ್ಲಗ್ಗಿನ ಬಣ್ಣ ನೋಡಿ ಇಂಜಿನ್ನಿನ ರೋಗ ಹೇಳುವ ವಿಡಿಯೋ ಹಾಕಿದ್ದರು. ಮರಿಬಸಪ್ಪ ಅದನ್ನು ಮೂರು ಸಲ ನೋಡಿ ನಾಡಿವೈದ್ಯನಾದ. ಓಣಿಗೆ ಬಂದ ಇನ್ಶೂರೆನ್ಸ್ ಏಜೆಂಟರು ನಮ್ಮ ಮನೆಯಲ್ಲಿ ಚಹಾ ಕುಡಿಯುವಷ್ಟರಲ್ಲಿ ಅವರ ಗಾಡಿಯ ಪ್ಲಗ್ಗು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ.

“ಸಾರ್, ನಿಮ್ಮದು ಭಾಳ ಬಿಳಿ ಐತ್ರಿ. ನಿಮ್ಮ ಗಾಡಿ ಉಪವಾಸ ಐತಿ.”

ಏಜೆಂಟರು ಚಹಾ ಅರ್ಧಕ್ಕೆ ಬಿಟ್ಟು ಹೋದರು. ಇವತ್ತಿನವರೆಗೂ ನಮ್ಮ ಓಣಿಗೆ ಬಂದಿಲ್ಲ. ಅದೊಂದು ಮಾತ್ರ ಈ ವಿದ್ಯೆಯಿಂದ ಆದ ಉಪಕಾರ.

ಹೀಗೆ ಊರವರ ಪ್ಲಗ್ಗೆಲ್ಲ ಓದುವವನಿಗೆ ತನ್ನ ಪ್ಲಗ್ಗು ಮಾತ್ರ ತಿಳಿಯಲಿಲ್ಲ. ಕೊನೆಗೆ ಗಾಡಿಯನ್ನು ತಳ್ಳಿಕೊಂಡು ಉರುಕುಂದನ ಶೆಡ್ಡಿಗೆ ಹೋದ. ಆದೋನಿಯಲ್ಲಿ ಎಜ್ಡಿ ಬಲ್ಲ ಮೆಕ್ಯಾನಿಕ್ ಎಂದರೆ ಉರುಕುಂದ ಒಬ್ಬನೇ. ಭೀಮಲಿಂಗಪ್ಪನವರ ಕಾಲದಿಂದಲೂ ಆ ಗಾಡಿಗೆ ಅವನೇ ವೈದ್ಯ. ನಾನೂ ಜೊತೆಗಿದ್ದೆ, ತಳ್ಳಲು.

ಉರುಕುಂದ ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದ. “ಕಪ್ಪಾಗಿ ಒಣಗಿದ್ರ ಪೆಟ್ರೋಲ್ ಜಾಸ್ತಿ. ಕಪ್ಪಾಗಿ ಒದ್ದಿ ಇದ್ರ ಎಣ್ಣಿ ಜಾಸ್ತಿ. ಇದು ಎಣ್ಣ್ಯಾಗ ಮುಳುಗೇತಿ. ಕಿಡಿ ಹೆಂಗ ಹಾರಬೇಕು? ನೀ ಪೆಟ್ರೋಲಿಗೆ ಎಣ್ಣಿ ಎಷ್ಟು ಹಾಕ್ತೀ?”

ಈಗಿನ ಗಾಡಿಗಳ ಹಾಗಲ್ಲ, ಎಜ್ಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಲೀಟರಿಗೆ ಒಂದು ಮುಚ್ಚಳ. ಹಾಕದಿದ್ದರೆ ಪಿಸ್ಟನ್ ಹಿಡಿದುಕೊಂಡು ಇಂಜಿನ್ ಸಾಯುತ್ತದೆ.

“ಲೀಟರಿಗೆ ಒಂದ ಮುಚ್ಚಳ,” ಎಂದ ಮರಿಬಸಪ್ಪ. “ನನ್ನ ಕೈಯಾರ.”

ಉರುಕುಂದ ಅವನನ್ನು ಕನಿಕರದಿಂದ ನೋಡಿ, “ಹಂಗಾರ ಒಳಗಿನ ಸೀಲ್ ಹೋಗೇತಿ” ಎಂದು ಇಂಜಿನ್ನನ್ನೇ ಬಿಚ್ಚಿದ. ಎರಡು ದಿನ ಬಿಚ್ಚಿದ. ಸೀಲು ಹೊಸದರ ಹಾಗಿತ್ತು. ಮತ್ತೆ ಜೋಡಿಸಿ, ಹೊಸ ಪ್ಲಗ್ಗು ಹಾಕಿ, ನಮ್ಮಿಬ್ಬರಿಗೂ ಚಹಾ ತರಲು ಹೇಳಿ ಕಳಿಸಿದ. ನಾವು ಚಹಾ ತಂದೆವು. ಗಾಡಿ ಆ ದಿನ ಮನೆಯವರೆಗೆ ಓಡಿತು. ಮರುದಿನ ಬೆಳಿಗ್ಗೆ ಪ್ಲಗ್ಗು ಮತ್ತೆ ಒದ್ದೆ.

ಆಗ ಮರಿಬಸಪ್ಪನಿಗೆ ಜ್ಞಾನೋದಯವಾಯಿತು. ಗುರುವಾರಕ್ಕೆ ನಾಲ್ಕೇ ದಿನ ಉಳಿದಿದ್ದವು.

“ಮಾಸ್ತರ, ಇದು ರೋಗ ಅಲ್ರಿ. ಯಾರೋ ಆಗದವರು ಮಾಡ್ಯಾರ. ಪ್ಲಗ್ ಬಿಚ್ತಾರ, ಎಣ್ಣ್ಯಾಗ ಅದ್ದತಾರ, ತಿರುಗಿ ಹಾಕ್ತಾರ.”

“ಯಾರಪ್ಪ ಅಂಥವರು?”

“ಅದ ಗೊತ್ತಿದ್ರ ನಿಮ್ಮನ್ನ ಯಾಕ ಕೇಳ್ತಿದ್ದೆ?” ಎಂದು ಅವನು ನನ್ನನ್ನೇ ಸಂಶಯದಿಂದ ನೋಡಿದ. ನಾನು ಶಾಲೆಯಲ್ಲಿ ಸಾವಿರಾರು ಮಕ್ಕಳನ್ನು ದಿಟ್ಟಿಸಿದವನು. ಕಣ್ಣು ಕದಲಿಸಲಿಲ್ಲ.

ಅವನು ಪ್ಲಗ್ಗಿನ ಸುತ್ತ ಹಸಿರು ನೂಲಿನಿಂದ ಏಳು ಗಂಟು ಹಾಕಿದ. ಬಿಚ್ಚಿದರೆ ನೂಲು ಹರಿಯಬೇಕು. ಆಮೇಲೆ ಕಾವಲಿನ ಪಟ್ಟಿ ಬರೆದು ಗೋಡೆಗೆ ಅಂಟಿಸಿದ. ತಾನು ಯಾರ್ಡಿಗೆ ಹೋದ ಹೊತ್ತಿನಲ್ಲಿ ಮುಂಜಾನೆ ತಾಯಿ ಬಸಲಿಂಗಮ್ಮ, ಮಧ್ಯಾಹ್ನ ಹೆಂಡತಿ ಸುಷ್ಮಾ, ಇಳಿಹೊತ್ತು ಯರ್ರೆಪ್ಪ ಮಾಸ್ತರ. ಮೂವರಿಗೂ ಒಂದೇ ಆಜ್ಞೆ: “ಪ್ಲಗ್ಗಿನ ಮ್ಯಾಲಿಂದ ಕಣ್ಣು ತಗೀಬಾರದು. ಯಾರು ಬಂದ್ರೂ ಕೈ ಹಚ್ಚಗೊಡಬ್ಯಾಡ್ರಿ.”

ಸೋಮವಾರ, ಮಂಗಳವಾರ, ಬುಧವಾರ. ಮೂರು ದಿನ ನಾವು ಮೂವರೂ ಬಹಳ ನಿಷ್ಠೆಯಿಂದ ಕಾವಲು ಕಾದೆವು. ಬಸಲಿಂಗಮ್ಮನವರು ಜಪಮಣಿ ಹಿಡಿದು ಕುಳಿತರು. ಸುಷ್ಮಾ ಅಕ್ಕಿ ಆರಿಸುತ್ತ ಕುಳಿತಳು. ನನ್ನ ಪಾಳಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಹೊರಗಿನವರು ಒಬ್ಬರೂ ಸುಳಿಯಲಿಲ್ಲ.

ಬುಧವಾರ ಸಂಜೆ ಮರಿಬಸಪ್ಪ ಬಂದು ನೂಲು ನೋಡಿದ. ಏಳು ಗಂಟೂ ಹಾಗೇ ಇದ್ದವು. ಹತ್ತು ಕಿಕ್ ಹೊಡೆದ, ಗಾಡಿ ಏಳಲಿಲ್ಲ. ಪ್ಲಗ್ಗು ಬಿಚ್ಚಿದ. ಎಣ್ಣೆ ಹನಿಯಾಗಿ ತೊಟ್ಟಿಕ್ಕಿತು.

“ಗಂಟು ಹಂಗ ಐತಿ,” ಎಂದ ಅವನು ಮೆಲ್ಲಗೆ. “ಮೊದಲಿಗಿಂತ ಜಾಸ್ತಿ ಒದ್ದಿ ಐತಿ. ಅವ್ವಾ, ಇದು ಮಾಟ.”

ಬಸಲಿಂಗಮ್ಮನವರು ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದರು. ಸುಷ್ಮಾ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ನಾನು ಮಾಟ ಎಂಬುದೆಲ್ಲ ಸುಳ್ಳು ಎಂದು ಹತ್ತು ನಿಮಿಷ ಭಾಷಣ ಮಾಡಿ, ನಿಂಬೆಹಣ್ಣು ಸರಿಯಾಗಿ ಕಟ್ಟಿದೆಯೇ ಎಂದು ನೋಡಿ ಮನೆಗೆ ಹೋದೆ.

ಗುರುವಾರ ಹತ್ತೂವರೆಗೆ ಗಾಡಿ ಮೈದಾನ ತಲುಪಿತು, ತಳ್ಳಿಸಿಕೊಂಡು. ಮರಿಬಸಪ್ಪ ಹ್ಯಾಂಡಲ್ ಹಿಡಿದಿದ್ದ, ನಾನು ಹಿಂದಿನಿಂದ ತಳ್ಳುತ್ತಿದ್ದೆ. ಉರುಕುಂದ ತನ್ನ ಮೊಪೆಡ್ಡಿನಲ್ಲಿ ಸ್ಪ್ಯಾನರಿನ ಚೀಲ ಮತ್ತು ಊರಿನಲ್ಲಿ ಉಳಿದಿದ್ದ ಕೊನೆಯ ಎಜ್ಡಿ ಪ್ಲಗ್ಗು ತಂದ. ಅತ್ತೆ ಸೊಸೆ ಆಟೋದಲ್ಲಿ ಬಂದರು. ಚಂದ್ರಮೋಹನ್ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು, ಗಾಳಿ ಬೀಸುವ ದಿಕ್ಕು ನೋಡಿ, ಕುರ್ಚಿಯನ್ನು ಇನ್ನೂ ಆಚೆಗೆ ಸರಿಸಿಕೊಂಡರು.

ಹನ್ನೊಂದು ಹೊಡೆಯಿತು. ಹೊಸ ಪ್ಲಗ್ಗು ಹಾಕಿ ಮರಿಬಸಪ್ಪ ಕಿಕ್ ಹೊಡೆದ. ಒಂದು. ಎರಡು. ಐದು. ಹತ್ತು. ಅಂಗಿ ಬೆನ್ನಿಗೆ ಅಂಟಿತು. ಹದಿನಾಲ್ಕಕ್ಕೆ ಗಾಡಿ ಒಂದು ಸಲ ಬಿಕ್ಕಿತು, ನಾವೆಲ್ಲ ಉಸಿರು ಹಿಡಿದೆವು, ಮಿರ್ಚಿ ವಾಸನೆ ಬಂತು, ಗಾಡಿ ಸುಮ್ಮನಾಯಿತು. ಇಪ್ಪತ್ತು. ಇಪ್ಪತ್ತೈದು. ಅವನ ಕಾಲು ಮೇಲೆ ಏಳಲಿಲ್ಲ.

ಚಂದ್ರಮೋಹನ್ ಗಡಿಯಾರ ನೋಡಿದರು. ಫೈಲು ತೆರೆದರು. ಪೆನ್ನಿನ ಮುಚ್ಚಳ ತೆಗೆದರು.

“ಬಾಧಗಾನೇ ಉಂದಿ, ಮರಿಬಸಪ್ಪಗಾರು. ಏಂ ಚೇಸ್ತಾಂ?” ಎಂದರು. ಅವರಿಗೂ ನಿಜವಾಗಿ ಬೇಜಾರಾಗಿತ್ತು.

ಮರಿಬಸಪ್ಪ ಕೊನೆಯ ಪ್ಲಗ್ಗನ್ನು ಬಿಚ್ಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟ. ಅದೂ ಒದ್ದೆ. ಐವತ್ತೆರಡು ವರ್ಷದ ಮನುಷ್ಯ, ಕಣ್ಣಲ್ಲಿ ನೀರು ತಂದುಕೊಂಡು, “ಅಪ್ಪ ಹೇಳಿದ್ದ ಖರೆ ಆತು” ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಅವನ ಕೈ ಅಭ್ಯಾಸದಂತೆ ಜೇಬಿಗೆ ಹೋಗಿ ಒಂದು ಚಿಟಿಕೆ ಅರಳೆ ತೆಗೆಯಿತು. ಅದರಿಂದ ಪ್ಲಗ್ಗು ಒರೆಸಿದ. ಒರೆಸಿದ ಅರಳೆಯನ್ನು ಎರಡು ಹೆಬ್ಬೆರಳ ನಡುವೆ ಎಳೆದ. ಎಳೆದ ಕೈ ಹಾಗೇ ನಿಂತಿತು. ಎದ್ದು, ಇನ್ನೊಂದು ಚಿಟಿಕೆ ತೆಗೆದು ಬತ್ತಿಯ ಹಾಗೆ ಹೊಸೆದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ಅದ್ದಿದ. ಏಳು ತಿಂಗಳಲ್ಲಿ ಪ್ಲಗ್ಗು ನೋಡಿದವರೆಷ್ಟೋ, ಟ್ಯಾಂಕಿನೊಳಗೆ ನೋಡಿದವರು ಒಬ್ಬರೂ ಇರಲಿಲ್ಲ.

ಬತ್ತಿಯನ್ನು ಬಿಸಿಲಿಗೆ ಹಿಡಿದ. ಆದೋನಿಯ ಬಿಸಿಲಿಗೆ ಪೆಟ್ರೋಲ್ ಕ್ಷಣದಲ್ಲಿ ಹಾರಿಹೋಯಿತು. ಬತ್ತಿ ಮಾತ್ರ ಒಣಗಲಿಲ್ಲ.

“ಇದರಾಗ ಎಣ್ಣಿ ಐತಿ,” ಎಂದ ಮರಿಬಸಪ್ಪ. ಅದು ಯಾರ್ಡಿನಲ್ಲಿ ಸಾಹುಕಾರರೂ ಎದುರಾಡದ ದನಿ. “ನಾ ಹಾಕಿದ್ದು ಒಂದ ಪಾಲು. ಇದು ಐದು ಪಾಲು ಐತಿ. ನಾಲ್ಕು ಪಾಲು ಯಾರು ಹಾಕ್ಯಾರ?”

ಬಸಲಿಂಗಮ್ಮನವರು ಹತ್ತಿರ ಬಂದು ಆ ಬತ್ತಿಯನ್ನು ಮೂಸಿದರು. ದಿನಾ ದೇವರ ಮುಂದೆ ದೀಪ ಹಚ್ಚುವ ಮೂಗು ಅದು. “ಇದು ನಮ್ಮ ಗಾಣದ ಶೇಂಗಾ ಎಣ್ಣಿ,” ಎಂದರು. ಎಂದವರು ನಾಲಿಗೆ ಕಚ್ಚಿಕೊಂಡರು.

ಮೊದಲು ಬಾಯಿ ಬಿಟ್ಟವಳು ಸುಷ್ಮಾ.

“ನಾನೂ ದಿನಾ ಒಂದ ಮುಚ್ಚಳ ಹಾಕೀನ್ರಿ. ಶೇಂಗಾ ಎಣ್ಣಿ ಅಲ್ಲ, ಗಾಡಿ ಎಣ್ಣಿ. ಮಾವನೋರು ಕಣ್ಣು ಮುಚ್ಚೋಕಿಂತ ಮೊದಲ ನನ್ನ ಒಬ್ಬಾಕಿನ್ನ ಕರದು ಹೇಳಿದ್ರು. ‘ನಿನ್ನ ಗಂಡ ಮರೀತಾನ. ನೀ ಗುಟ್ಟಾಗಿ ಹಾಕವ್ವ, ಯಾರಿಗೂ ಹೇಳಬ್ಯಾಡ’ ಅಂದ್ರು.”

“ನನಗೂ ಅಂದ್ರಲ್ಲ!” ಎಂದು ಉರುಕುಂದ ಕೂಗಿದ. “‘ಮನ್ಯಾಗಿನವರ ಮ್ಯಾಲ ಭರೋಸಾ ಇಲ್ಲ ಉರುಕುಂದ, ಗಾಡಿ ನಿನ್ನ ಶೆಡ್ಡಿಗೆ ಬಂದಾಗೆಲ್ಲ ಎಣ್ಣಿ ಹಾಕಿ ಕಳಸು’ ಅಂದ್ರು. ಈ ಮರಿಬಸ ಒಂದ ಮುಚ್ಚಳ ಹಾಕೀನಿ ಅಂದಾಗ ನಾ ನಂಬಲಿಲ್ಲ. ನಿಮ್ಮನ್ನ ಚಹಾಕ್ಕ ಕಳಿಸಿ ಎರಡು ಮುಚ್ಚಳ ಹಾಕಿದೆ.”

“ನನಗ ಅಪ್ಪ ಹೇಳಿದ್ದು ಬ್ಯಾರೆ,” ಎಂದ ಮರಿಬಸಪ್ಪ. “‘ನೀ ದಡ್ಡ ಖರೆ, ಆದ್ರ ನಂಬೋಕ ನನಗ ಬ್ಯಾರೆ ಯಾರದಾರ’ ಅಂದ್ರು. ಅಷ್ಟ ಮಾತಿಗೆ ನಾ ಏಳು ತಿಂಗಳು ಜೀವ ಬಿಟ್ಟೀನಿ.”

ಈಗ ಓದುಗರಲ್ಲಿ ನನ್ನದೊಂದು ಅರಿಕೆ. ತಡವಾಗಿ ಹೇಳುತ್ತೇನೆ ಎಂದೆನಲ್ಲ, ಆ ಸಂಗತಿ ಇದು. ಭೀಮಲಿಂಗಪ್ಪನವರು ನನ್ನನ್ನೂ ಕರೆಸಿದ್ದರು. ಕೈ ಹಿಡಿದು, “ಮಾಸ್ತರ, ಈ ಮನ್ಯಾಗ ಬುದ್ಧಿ ಇರೋರು ಒಬ್ಬರೂ ಇಲ್ಲ. ನೀವು ಓದಿದವರು, ಗುಟ್ಟಾಗಿ ಎಣ್ಣಿ ನೀವ ಹಾಕ್ರಿ” ಎಂದಿದ್ದರು. ಇಡೀ ಓಣಿಯಲ್ಲಿ ನನ್ನೊಬ್ಬನನ್ನೇ ನಂಬಿದರಲ್ಲ ಎಂದು ನಾನು ಏಳು ತಿಂಗಳು ಒಳಗೊಳಗೇ ಹಿಗ್ಗಿದ್ದೆ. ನನ್ನ ಪಾಳಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ ಎಂದದ್ದು ನಿಜ. ಹೇಳಿಕೊಳ್ಳಲಾಗದ್ದು ಮೂರು ದಿನವೂ ನಡೆಯಿತು. ನಾನು ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದೆ.

“ಮಾಸ್ತರ! ನೀವೂನಾ?” ಎಂದ ಮರಿಬಸಪ್ಪ.

“ಹೂನಪ್ಪ.”

ಕಳ್ಳರ ಕೈಗೇ ಕೀಲಿಕೈ ಕೊಟ್ಟು ಕಾವಲಿಗೆ ಕೂರಿಸಿದ್ದು ಅವನಿಗೆ ಆಗ ಹೊಳೆಯಿತು. ಚಂದ್ರಮೋಹನ್ ಪೆನ್ನು ಹಿಡಿದೇ ಇದ್ದರು, ಬರೆಯುತ್ತಿರಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅಮ್ಮಾ, ಮೀಕು ಏನು ಹೇಳಿದ್ರು ಸಾರು?” ಎಂದು ಬಸಲಿಂಗಮ್ಮನವರನ್ನು ಕೇಳಿದರು.

ಬಸಲಿಂಗಮ್ಮನವರು ಸೆರಗು ಸರಿಮಾಡಿಕೊಂಡರು.

“ನನಗೇನೂ ಹೇಳಲಿಲ್ಲಪ್ಪ.”

ಅವರು ಗಾಡಿಯ ಕಡೆ ತಿರುಗಿದರು.

“ಇವರಿಗೆಲ್ಲ ಕರದು ಹೇಳ್ಯಾರಂತ ಈಗ ಗೊತ್ತಾತು. ನನ್ನ ಕರೀಲಿಲ್ಲ. ದಿನಾ ಮುಂಜಾನಿ ಅವರು ಎಣ್ಣಿ ಹಾಕೋದು ಬಾಗಿಲ ಹಿಂದ ನಿಂತು ನೋಡೀನಿ. ಅವರು ಹೋದ ಮ್ಯಾಲ ಗಾಡಿ ಹಸದೈತೇನೋ ಅನಸ್ತು. ಯಾವ ಎಣ್ಣಿ ಅಂತ ಯಾರು ಹೇಳಬೇಕು? ಮನ್ಯಾಗ ಇದ್ದದ್ದರಾಗ ಚಲೋದು ಹಾಕಿದೆ.”

ಭೀಮಲಿಂಗಪ್ಪನವರು ನನ್ನ ಸ್ನೇಹಿತರು. ಆದರೂ ಆ ಗಳಿಗೆಯಲ್ಲಿ ಅವರು ಎದುರಿಗಿದ್ದಿದ್ದರೆ ನಾನು ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಚಂದ್ರಮೋಹನ್ ಪೆನ್ನಿನ ಮುಚ್ಚಳ ಹಾಕಿದರು. “ಹನ್ನೆರಡಕ್ಕೆ ನಾನು ಊಟಕ್ಕೆ ಹೋಗ್ತೀನಿ. ಇನ್ನೂ ಟೈಮು ಉಂದಿ,” ಎಂದರು.

ಉರುಕುಂದ ಟ್ಯಾಂಕು ಖಾಲಿ ಮಾಡಿದ. ನಾನು ಅವನ ಮೊಪೆಡ್ಡಿನಲ್ಲಿ ಹೋಗಿ ಸೀಸೆಯಲ್ಲಿ ಒಂದು ಲೀಟರ್ ಹೊಸ ಪೆಟ್ರೋಲ್ ತಂದೆ. ಅವನು ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿದ. ಎಣ್ಣೆಯ ಡಬ್ಬಿ ಯಾರ ಕೈಗೆ ಕೊಡುವುದೆಂದು ಸುತ್ತ ನೋಡಿದ. ನಾವು ನಾಲ್ವರೂ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದೆವು.

ಮರಿಬಸಪ್ಪ ಡಬ್ಬಿಯನ್ನು ಇಸಿದುಕೊಂಡು ತಾಯಿಯ ಕೈಗೆ ಕೊಟ್ಟ. “ಅಪ್ಪ ಹೇಳಲಿಲ್ಲಂದ್ರ ಏನಾತವ್ವ, ನಾ ಹೇಳ್ತೀನಿ. ಇನ್ನ ಮ್ಯಾಲ ನೀ ಒಬ್ಬಾಕೀನ ಹಾಕು. ಇದ ಎಣ್ಣಿ. ಲೀಟರಿಗೆ ಒಂದ ಮುಚ್ಚಳ.”

ಬಸಲಿಂಗಮ್ಮನವರು ಒಂದು ಹನಿ ಹೊರಗೆ ಚೆಲ್ಲದ ಹಾಗೆ ಒಂದು ಮುಚ್ಚಳ ಹೊಯ್ದರು.

ಹನ್ನೆರಡಕ್ಕೆ ಎಂಟು ನಿಮಿಷ ಇತ್ತು. ಒಂದನೇ ಕಿಕ್ಕು. ಏನೂ ಇಲ್ಲ. ಎರಡನೇ ಕಿಕ್ಕು. ಸುಷ್ಮಾ ಕಣ್ಣು ಮುಚ್ಚಿಕೊಂಡಳು. ಮೂರನೆಯದಕ್ಕೆ ಎಜ್ಡಿ ಗುಡುಗಿ ಎದ್ದಿತು. ಅದರ ಹಿಂದೆಯೇ ಮೋಡದಂಥ ಹೊಗೆ.

“ಪೊಗ! ಪೊಗ!” ಎಂದು ಚಂದ್ರಮೋಹನ್ ಎದ್ದು ನಿಂತರು.

“ಸಾರ್, ಅದು ಸೈಲೆನ್ಸರಿನಾಗ ಕುಂತಿರೋ ಹಳೇ ಎಣ್ಣಿ ಸಾರ್. ಐದು ನಿಮಿಷ ಸಾರ್!” ಎಂದು ಉರುಕುಂದ ಕೈ ಮುಗಿದ.

ಐದು ನಿಮಿಷ. ಆರು ಜನ ಒಂದು ಸೈಲೆನ್ಸರನ್ನು ಅಷ್ಟು ಭಕ್ತಿಯಿಂದ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಗೆ ಕಪ್ಪಗಿದ್ದದ್ದು ಬೂದು ಬಣ್ಣವಾಯಿತು. ಬೂದು ಇದ್ದದ್ದು ತೆಳುವಾಯಿತು. ಕೊನೆಯ ಮಿರ್ಚಿ ವಾಸನೆ ಒಂದು ಸಲ ಬಂದು ಹೋಯಿತು. ಆಮೇಲೆ ಬರೀ ಸದ್ದು. ಮರಿಬಸಪ್ಪ ಮೈದಾನವನ್ನು ಎರಡು ಸುತ್ತು ಹಾಕಿ ಬಂದ. ಎರಡನೇ ಸುತ್ತಿನಲ್ಲಿ ಅವನು ಅಳುತ್ತಿದ್ದ, ಹೆಲ್ಮೆಟ್ಟಿನ ಒಳಗೆ ಕಾಣಲಿಲ್ಲ ಎಂದುಕೊಂಡಿದ್ದಾನೆ.

ಚಂದ್ರಮೋಹನ್ ಸಹಿ ಹಾಕಿದರು. “ಒಂದೇ ಕಂಡಿಷನ್. ಪೆಟ್ರೋಲ್ ಹಾಕಿಸುವಾಗೆಲ್ಲ ಅಮ್ಮನೇ ಎಣ್ಣಿ ಹಾಕಬೇಕು. ಬೇರೆ ಯಾರೂ ಮುಚ್ಚಳ ಮುಟ್ಟಕೂಡದು.”

ಇಷ್ಟಾದ ಮೇಲೆ ಒಂದು ಪೇಚು ಉಳಿಯಿತು. ಪೆಟ್ರೋಲ್ ಹಾಕಿಸುವುದು ಬಂಕಿನಲ್ಲಿ. ಎಣ್ಣೆ ಹಾಕುವವರೂ ಅಲ್ಲಿಗೇ ಬರಬೇಕು.

“ಹತ್ತವ್ವ,” ಎಂದ ಮರಿಬಸಪ್ಪ.

ಬಸಲಿಂಗಮ್ಮನವರು ಹಿಂದಕ್ಕೆ ಸರಿದರು. “ಬ್ಯಾಡಪ್ಪ. ಸೀರಿ ಚೈನಿಗೆ ಸಿಗ್ತೈತಿ.”

ಉರುಕುಂದ ಸ್ಪ್ಯಾನರಿನಿಂದ ಗಾಡಿಯ ಹಿಂದಿನ ಉದ್ದನೆಯ ಕಬ್ಬಿಣದ ಕವಚವನ್ನು ಟಣ್ ಎಂದು ತಟ್ಟಿದ. “ಅವ್ವಾರ, ಎಜ್ಡಿ ಚೈನು ಹುಟ್ಟಿದಾಗಿಂದ ಈ ಡಬ್ಬ್ಯಾಗ ಐತ್ರಿ. ಸೀರಿ ಅಲ್ಲ, ಸೂಜಿನೂ ಒಳಗ ಹೋಗಂಗಿಲ್ಲ.”

ಬಸಲಿಂಗಮ್ಮನವರು ಆ ಕವಚವನ್ನು ಸ್ವಲ್ಪ ಹೊತ್ತು ನೋಡಿದರು. ನಲವತ್ತೈದು ವರ್ಷದ ಬಸ್ಸುಗಳು ಅವರ ಕಣ್ಣ ಮುಂದೆ ಹೋದವೋ ಏನೋ, ನನಗೆ ಗೊತ್ತಿಲ್ಲ. ಎಣ್ಣೆಯ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಸೊಸೆಯ ಭುಜ ಹಿಡಿದು, ಎಪ್ಪತ್ತಾರನೇ ವಯಸ್ಸಿನಲ್ಲಿ ಗಂಡನ ಗಾಡಿ ಹತ್ತಿ ಕುಳಿತರು.

ನಾನು ಉರುಕುಂದನ ಮೊಪೆಡ್ಡಿನ ಹಿಂದೆ ಕುಳಿತು ಬೆನ್ನು ಹತ್ತಿದೆ. ಬಂಕಿನಲ್ಲಿ ಗಾಡಿ ನಿಂತಿತು. ಬಂಕಿನವನು ಪೈಪು ಹಿಡಿದುಕೊಂಡು, “ಎಂತ ಅಣ್ಣಾ, ಫುಲ್ಲಾ?” ಎಂದು ಕೇಳಿದ.

ಮರಿಬಸಪ್ಪ ಹೂಂ ಎನ್ನುವಷ್ಟರಲ್ಲಿ ಹಿಂದಿನ ಸೀಟಿನಿಂದ ಮಾತು ಬಂತು.

“ಒಂದ ಲೀಟರ್ ಹಾಕಪ್ಪ. ನಾಳಿ ಮತ್ತ ಬರ್ತೀವಿ.”